ಮೊದಲು ಎರಡೇ ಪರಮಾಣು ಇಟ್ಟು ನೋಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಎರಡು ಮೂರು ತಿಂಗಳಿಗೊಮ್ಮೆಯಾದರೂ ಇದ್ದೇ ಇರುತ್ತದೆ. ಕೇಳುವವರು ಹೆಚ್ಚಾಗಿ ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿರುವವರು, ಇಲ್ಲವೇ ಪಿಎಚ್.ಡಿ.ಗೆ ಆಗಷ್ಟೇ ಸೇರಿದವರು. ಕಳೆದ ವಾರ ಒಬ್ಬ ಹುಡುಗಿ ಬರೆದದ್ದೂ ಅದನ್ನೇ. "ಮೇಡಂ, ನಮ್ಮ ಗೈಡ್ ಒಂದು ಆಕ್ಸೈಡ್ ಗಾಜಿನ ಮೇಲೆ ಕೆಲಸ ಕೊಟ್ಟಿದ್ದಾರೆ. ಅದಕ್ಕೆ ರೆಡಿ ಪೊಟೆನ್ಶಿಯಲ್ ಎಲ್ಲೂ ಸಿಗುತ್ತಿಲ್ಲ. ಹಳೆಯ ಪ್ರಬಂಧವೊಂದರಲ್ಲಿ ಸೂತ್ರ ಮಾತ್ರ ಇದೆ. ಅದನ್ನು ಲ್ಯಾಂಪ್ಸ್‌ನಲ್ಲಿ ಹಾಕುವುದು ಹೇಗೆ?" ಹಾಕುವುದು ಹೇಗೆ ಎಂಬುದಕ್ಕೆ ಅರ್ಧ ಪುಟದಲ್ಲಿ ಉತ್ತರ ಬರೆಯಬಹುದು. ಹಾಕಿದ ಮೇಲೆ ಏನನ್ನು ನೋಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕೆನಿಸುವುದು ಅದನ್ನೇ.

ವಿಷಯ ಹೊಸದಾದವರಿಗೆ ಒಂದಿಷ್ಟು ಹಿನ್ನೆಲೆ ಬೇಕು. ಕಾಸಿದ ಗಾಜು ಹೇಗೆ ಮೆತ್ತಗಾಗುತ್ತದೆ, ಎಳೆದ ತಂತಿ ಎಲ್ಲಿ ತುಂಡಾಗುತ್ತದೆ, ಔಷಧದ ಅಣು ಪ್ರೋಟೀನಿನ ಯಾವ ಮೂಲೆಯಲ್ಲಿ ಹೋಗಿ ಕೂರುತ್ತದೆ ಎಂಬುದನ್ನು ಒಂದೊಂದು ಪರಮಾಣುವಿನ ಬೆನ್ನು ಹತ್ತಿ ನೋಡುವುದು ಪ್ರಯೋಗಾಲಯದಲ್ಲಿ ಬಹಳ ಕಷ್ಟ. ಹಾಗಾಗಿ ಕಂಪ್ಯೂಟರಿನೊಳಗೆ ಸಾವಿರಾರು, ಲಕ್ಷಾಂತರ ಪರಮಾಣುಗಳನ್ನು ಜೋಡಿಸುತ್ತೇವೆ. ಪ್ರತಿಯೊಂದರ ಮೇಲೆ ಅಕ್ಕಪಕ್ಕದವು ಎಷ್ಟು ಬಲ ಹಾಕುತ್ತಿವೆ ಎಂದು ಲೆಕ್ಕಮಾಡಿ, ನ್ಯೂಟನ್ನನ ನಿಯಮದಂತೆ ಎಲ್ಲವನ್ನೂ ಒಂದು ಪುಟ್ಟ ಹೆಜ್ಜೆ ಮುಂದಕ್ಕೆ ಸರಿಸುತ್ತೇವೆ. ಆಮೇಲೆ ಮತ್ತೆ ಬಲದ ಲೆಕ್ಕ, ಮತ್ತೆ ಹೆಜ್ಜೆ. ಒಂದು ಹೆಜ್ಜೆ ಎಂದರೆ ಸಾಮಾನ್ಯವಾಗಿ ಒಂದು ಫೆಮ್ಟೊಸೆಕೆಂಡು. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಒಂದು ನ್ಯಾನೋಸೆಕೆಂಡಿನಲ್ಲಿ ಏನಾಯಿತೆಂದು ತಿಳಿಯಲು ಇಂಥ ಹತ್ತು ಲಕ್ಷ ಹೆಜ್ಜೆ ಬೇಕು. ಇದೇ ಮಾಲಿಕ್ಯುಲರ್ ಡೈನಮಿಕ್ಸ್.

ಇಷ್ಟರಲ್ಲಿ ಬಲ ಎಲ್ಲಿಂದ ಬರುತ್ತದೆ ಎಂಬುದೇ ಮುಖ್ಯ. ನಿಜವಾದ ಉತ್ತರ ಕ್ವಾಂಟಮ್ ಭೌತಶಾಸ್ತ್ರದಲ್ಲಿದೆ. ಆದರೆ ಲಕ್ಷ ಪರಮಾಣುಗಳಿಗೆ, ಹತ್ತು ಲಕ್ಷ ಹೆಜ್ಜೆಗಳಿಗೆ ಆ ಲೆಕ್ಕ ಮಾಡುತ್ತ ಕೂತರೆ ಮುಗಿಯುವುದೇ ಇಲ್ಲ. ಅದಕ್ಕೇ ಒಂದು ಕೈಪಿಡಿಯಂಥ ಸೂತ್ರ ಇಟ್ಟುಕೊಳ್ಳುತ್ತೇವೆ: ಎರಡು ಪರಮಾಣುಗಳು ಇಷ್ಟು ದೂರದಲ್ಲಿದ್ದರೆ ಅವುಗಳ ನಡುವಿನ ಶಕ್ತಿ ಇಷ್ಟು. ಇದನ್ನೇ ಪೊಟೆನ್ಶಿಯಲ್ ಅನ್ನುವುದು. ಪಠ್ಯಪುಸ್ತಕದ ಕನ್ನಡದಲ್ಲಿ ವಿಭವ ಎಂದಿದ್ದರೂ ಪ್ರಯೋಗಾಲಯದಲ್ಲಿ ಹಾಗೆ ಕರೆದವರನ್ನು ನಾನು ಕಂಡಿಲ್ಲ. ದೂರಕ್ಕೆ ತಕ್ಕಂತೆ ಶಕ್ತಿಯ ಗೆರೆ ಎಳೆದರೆ ಒಂದು ಕಡೆ ಕಡಿದಾದ ದಿಬ್ಬ, ನಡುವೆ ಒಂದು ತಗ್ಗು, ಆಚೆಗೆ ನಿಧಾನವಾಗಿ ಸಮವಾಗುವ ನೆಲ ಕಾಣುತ್ತದೆ. ಅಲ್ಲೊಂದು ಗೋಲಿ ಇಟ್ಟರೆ ಅದು ಯಾವ ಕಡೆಗೆ ಎಷ್ಟು ರಭಸದಿಂದ ಉರುಳೀತು ಎಂಬುದನ್ನು ನೆಲದ ಇಳಿಜಾರು ಹೇಳುತ್ತದೆಯಲ್ಲ, ಪರಮಾಣುವಿನ ಮೇಲಿನ ಬಲವೂ ಹಾಗೆಯೇ ಈ ಗೆರೆಯ ಇಳಿಜಾರಿನಿಂದ ಬರುತ್ತದೆ.

ಇಂಥ ಒಂದು ಗೆರೆಯಿಂದ ಎಷ್ಟು ದೂರ ಹೋಗಬಹುದೆಂದು ಮೊದಲು ತೋರಿಸಿಕೊಟ್ಟವರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ ಒಬ್ಬರು. 1964ರಲ್ಲಿ ಷಿಕಾಗೋ ಬಳಿಯ ಆರ್ಗೋನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅವರು 864 ಆರ್ಗಾನ್ ಪರಮಾಣುಗಳ ದ್ರವವನ್ನು ಸಿ.ಡಿ.ಸಿ. 3600 ಎಂಬ ಕಂಪ್ಯೂಟರಿನೊಳಗೆ ಕಟ್ಟಿದರು. ಬಳಸಿದ್ದು ಲೆನ್ನಾರ್ಡ್-ಜೋನ್ಸ್ ಸೂತ್ರ. ಅದರಲ್ಲಿ ಎರಡೇ ಅಂಕಿಗಳು: ತಗ್ಗಿನ ಆಳ 120 ಕೆಲ್ವಿನ್‌ಗೆ ಸಮ, ಪರಮಾಣುವಿನ ಗಾತ್ರ 3.4 ಆಂಗ್‌ಸ್ಟ್ರಾಮ್. ಅಷ್ಟರಿಂದಲೇ ದ್ರವದೊಳಗೆ ಪರಮಾಣುಗಳು ಹೇಗೆ ಸುತ್ತುವರಿದಿರುತ್ತವೆ, ಎಷ್ಟು ಬೇಗ ಅಲೆದಾಡುತ್ತವೆ ಎಂಬ ಲೆಕ್ಕ ಪ್ರಯೋಗದ ಅಳತೆಗೆ ಹತ್ತಿರ ಬಂತು. ಅಮೆರಿಕದ ಭೌತಶಾಸ್ತ್ರ ಸಂಘ ಇವತ್ತಿಗೂ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ನಮ್ಮ ಕಾಲೇಜುಗಳ ಭೌತಶಾಸ್ತ್ರ ಪಾಠದಲ್ಲಿ ಮಾತ್ರ ಆ ಹೆಸರು ಕೇಳಿಬರುವುದು ಅಪರೂಪ. ಇದು ನನಗೆ ಸದಾ ಬೇಸರದ ಸಂಗತಿ.

ಈಗ ಹುಡುಗಿಯ ಪ್ರಶ್ನೆ. ಲ್ಯಾಂಪ್ಸ್ ಎಂಬುದು ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬೆಳೆದ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ತಂತ್ರಾಂಶ. ಅದರೊಳಗೆ ನೂರಾರು ಬಗೆಯ ಪೊಟೆನ್ಶಿಯಲ್‌ಗಳು ಆಗಲೇ ಇವೆ. ನಮ್ಮದು ಅದರಲ್ಲಿ ಇಲ್ಲವಾದರೆ ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸ ಭಾಗವನ್ನೇ ಬರೆದು ಸೇರಿಸಬಹುದು. ಅತಿ ವೇಗವಾಗಿ ಓಡುವುದು ಅದೇ, ಆದರೆ ತಪ್ಪು ಅಡಗಿ ಕೂರುವುದಕ್ಕೂ ಅದರಲ್ಲೇ ಹೆಚ್ಚು ಜಾಗ. ಇನ್ನೊಂದು ದಾರಿ, ಸೂತ್ರವನ್ನು ಒಂದು ಸಾಲಿನಲ್ಲಿ ಬರೆದುಕೊಡುವುದು. ಓಪನ್ ಎಂಎಂ ಎಂಬ ತಂತ್ರಾಂಶದಲ್ಲಿ ಇದು ಬಹಳ ಸಲೀಸು. ಸೂತ್ರ ಕೊಟ್ಟರೆ ಇಳಿಜಾರನ್ನು ಅದೇ ಲೆಕ್ಕಮಾಡಿಕೊಳ್ಳುತ್ತದೆ. ಲ್ಯಾಂಪ್ಸ್‌ನ ಇತ್ತೀಚಿನ ಆವೃತ್ತಿಗಳಲ್ಲೂ ಈ ಅನುಕೂಲ ಬಂದಿದೆ. ಮತ್ತೊಂದು, ಕೋಷ್ಟಕ. ಪ್ರತಿ ಸಾಲಿನಲ್ಲಿ ಕ್ರಮಸಂಖ್ಯೆ, ದೂರ, ಆ ದೂರದಲ್ಲಿನ ಶಕ್ತಿ, ಬಲ. ಸಾವಿರ, ಎರಡು ಸಾವಿರ ಸಾಲು ಬರೆದುಕೊಟ್ಟರೆ ನಡುವಿನ ದೂರಗಳಿಗೆ ತಂತ್ರಾಂಶ ತಾನೇ ಬೆಲೆ ಹೊಂದಿಸಿಕೊಳ್ಳುತ್ತದೆ. ಹೊಸಬರಿಗೆ ನಾನು ಹೇಳುವುದು ಕೋಷ್ಟಕವನ್ನೇ. ಅದನ್ನು ತೆರೆದು ಓದಬಹುದು, ಗೆರೆ ಎಳೆದು ಗೋಡೆಗೆ ಅಂಟಿಸಬಹುದು, ಅನುಮಾನ ಬಂದ ಸಾಲಿಗೆ ಬೆರಳಿಟ್ಟು ಹಿರಿಯರನ್ನು ಕೇಳಬಹುದು.

ಆದರೆ ಕೋಷ್ಟಕವನ್ನು ತಂತ್ರಾಂಶ ಒಪ್ಪಿಕೊಂಡಿತು ಎಂಬುದಕ್ಕೆ ಅದು ಸರಿಯಾಗಿದೆ ಎಂಬ ಅರ್ಥವಿಲ್ಲ. ಇದನ್ನು ನಾನು ಕಲಿತದ್ದು ಮೂರು ವಾರ ಕಳೆದುಕೊಂಡು. ಸಂಶೋಧನೆಗೆ ಸೇರಿದ ಮೊದಲ ವರ್ಷ, ಅಭ್ಯಾಸಕ್ಕೆಂದು ಆರ್ಗಾನಿನ ಕೋಷ್ಟಕವನ್ನು ನಾನೇ ತಯಾರಿಸಿದ್ದೆ. ಆರ್ಗಾನ್ ಕರಗುವುದು 83.8 ಕೆಲ್ವಿನ್‌ನಲ್ಲಿ. ನನ್ನ ಪೆಟ್ಟಿಗೆಯೊಳಗಿನ ಆರ್ಗಾನ್ 100 ಕೆಲ್ವಿನ್‌ಗೆ ಕರಗಲಿಲ್ಲ, 200ಕ್ಕೂ ಕರಗಲಿಲ್ಲ. 300 ಕೆಲ್ವಿನ್ ಎಂದರೆ ನಾವು ಕೂತಿರುವ ಕೋಣೆಯ ಬಿಸಿ. ಅಲ್ಲೂ ಅದು ಹರಳಾಗಿಯೇ ನಿಂತಿತ್ತು. ತಂತ್ರಾಂಶ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಪರಮಾಣುಗಳ ಸಂಖ್ಯೆ ಬದಲಿಸಿದೆ, ಹೆಜ್ಜೆಯ ಗಾತ್ರ ಬದಲಿಸಿದೆ, ಬಿಸಿ ಮಾಡುವ ವಿಧಾನ ಬದಲಿಸಿದೆ. ಕೊನೆಗೆ ನಮ್ಮ ಮೇಷ್ಟ್ರ ಮುಂದೆ ಹೋಗಿ ನಿಂತಾಗ ಅವರು ಕೇಳಿದ್ದು ಒಂದೇ ಮಾತು: "ಎರಡೇ ಪರಮಾಣು ಇಟ್ಟು ನೋಡಿದೆಯೇನಮ್ಮ?"

ನೋಡಿರಲಿಲ್ಲ. ಅವತ್ತು ಮಧ್ಯಾಹ್ನ ನೋಡಿದೆ. ತಗ್ಗಿನ ಆಳ 0.0103 ಎಲೆಕ್ಟ್ರಾನ್ ವೋಲ್ಟ್ ಇರಬೇಕಾದಲ್ಲಿ 0.238 ಇತ್ತು. ನಾನು ಶಕ್ತಿಯನ್ನು ಲೆಕ್ಕಮಾಡಿದ್ದು ರಸಾಯನಶಾಸ್ತ್ರಜ್ಞರ ಕಿಲೋಕ್ಯಾಲರಿ ಪ್ರತಿ ಮೋಲ್ ಮಾನದಲ್ಲಿ, ತಂತ್ರಾಂಶ ಓದಿಕೊಂಡದ್ದು ಎಲೆಕ್ಟ್ರಾನ್ ವೋಲ್ಟ್ ಎಂದು. ಎರಡಕ್ಕೂ ಇರುವ ಅಂತರ 23 ಪಟ್ಟು. ಅಷ್ಟು ಆಳದ ತಗ್ಗಿನಲ್ಲಿ ಸಿಕ್ಕಿಬಿದ್ದ ಆರ್ಗಾನ್ ಕರಗಬೇಕಾದರೆ ಸುಮಾರು 1900 ಕೆಲ್ವಿನ್‌ವರೆಗೆ ಕಾಸಬೇಕಿತ್ತು. ತಪ್ಪು ತಿಳಿಯಲು ಮೂರು ವಾರ ಬೇಕಿರಲಿಲ್ಲ, ಒಂದು ನಿಮಿಷ ಸಾಕಿತ್ತು.

ಎರಡು ಪರಮಾಣುಗಳ ಈ ಪರೀಕ್ಷೆ ಬಹಳ ಸರಳ. ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಹತ್ತಿರದಿಂದ ದೂರಕ್ಕೆ ಆಂಗ್‌ಸ್ಟ್ರಾಮಿನ ನೂರನೇ ಒಂದು ಪಾಲಿನಷ್ಟು ಸರಿಸುತ್ತ, ಪ್ರತಿ ದೂರದಲ್ಲೂ ತಂತ್ರಾಂಶ ಹೇಳುವ ಶಕ್ತಿ ಮತ್ತು ಬಲವನ್ನು ಬರೆದುಕೊಳ್ಳುವುದು. ಲ್ಯಾಂಪ್ಸ್‌ನಲ್ಲಿ ಇದಕ್ಕೆಂದೇ ಪೇರ್ ರೈಟ್ ಎಂಬ ಆಜ್ಞೆ ಇದೆ. ಆದರೂ ಮೊದಲ ಸಲ ಕೈಯಿಂದಲೇ ಮಾಡಿ ಎನ್ನುತ್ತೇನೆ. ಮೂರು ನಾಲ್ಕು ದೂರಗಳಿಗೆ ಕ್ಯಾಲ್ಕುಲೇಟರ್ ಹಿಡಿದು ಸೂತ್ರದಿಂದ ಶಕ್ತಿ ಲೆಕ್ಕಮಾಡಿ ಹೋಲಿಸಿ. ತಗ್ಗಿನ ತಳ ಎಲ್ಲಿದೆ ನೋಡಿ: ರಹಮಾನ್ ಬಳಸಿದ ಆರ್ಗಾನ್‌ಗಾದರೆ ಅದು 3.82 ಆಂಗ್‌ಸ್ಟ್ರಾಮಿನಲ್ಲಿ ಇರಲೇಬೇಕು. ಅಲ್ಲಿ ಬಲ ಸೊನ್ನೆಯಾಗಬೇಕು. ಅದಕ್ಕಿಂತ ಒಳಗೆ ಬಂದರೆ ತಳ್ಳಬೇಕು, ಹೊರಗೆ ಹೋದರೆ ಎಳೆಯಬೇಕು. ಬಲದ ಚಿಹ್ನೆ ತಲೆಕೆಳಗಾಗಿದ್ದರೆ ಇಲ್ಲೇ ಕಾಣುತ್ತದೆ. ಅಕ್ಕಪಕ್ಕದ ಎರಡು ಸಾಲುಗಳ ಶಕ್ತಿಯ ವ್ಯತ್ಯಾಸವನ್ನು ದೂರದ ವ್ಯತ್ಯಾಸದಿಂದ ಭಾಗಿಸಿ ಚಿಹ್ನೆ ಬದಲಿಸಿದರೆ ಬಲದ ಅಂಕಣದಲ್ಲಿರುವ ಬೆಲೆ ಬರಬೇಕು. ಬಾರದಿದ್ದರೆ ಶಕ್ತಿಯೊಂದು ಬಲವೊಂದು ಹೇಳುವ ಕೋಷ್ಟಕ ನಿಮ್ಮದು. ಈಗಿನ ಲ್ಯಾಂಪ್ಸ್ ಇಂಥ ಹೊಂದಾಣಿಕೆ ಇಲ್ಲದ ಸಾಲುಗಳನ್ನು ಎಣಿಸಿ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ಓದದೆ ಮುಂದೆ ಹೋಗುವವರೇ ಹೆಚ್ಚು. ಮಾನದ ತಪ್ಪನ್ನಂತೂ ಅದು ಹಿಡಿಯಲಾರದು, ಏಕೆಂದರೆ ಶಕ್ತಿಯೂ ಬಲವೂ ಒಂದೇ ಪಟ್ಟು ಹೆಚ್ಚಿರುತ್ತವೆ.

ನಿಜವಾದ ಕಂಟಕ ಇರುವುದು ಪರಮಾಣುಗಳು ಹೋಗಲಾರವು ಎಂದು ನಾವು ಅಂದುಕೊಂಡಿರುವ ಜಾಗದಲ್ಲಿ. ಪತ್ರದ ಹುಡುಗಿಯದು ಆಕ್ಸೈಡ್ ಗಾಜು, ಆಕೆ ಕಳುಹಿಸಿದ ಸೂತ್ರ ಬಕಿಂಗ್‌ಹ್ಯಾಮ್ ಬಗೆಯದು. ಆದ್ದರಿಂದ ಸಿಲಿಕಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮರಳಿನ ಮುಖ್ಯ ವಸ್ತು ಅದೇ, ಕಿಟಕಿ ಗಾಜಿನದೂ ಅದೇ. 1990ರಲ್ಲಿ ವ್ಯಾನ್ ಬೀಸ್ಟ್, ಕ್ರಾಮರ್, ವ್ಯಾನ್ ಸ್ಯಾಂಟನ್ ಎಂಬ ಮೂವರು ಪ್ರಕಟಿಸಿದ ಸಿಲಿಕಾ ಪೊಟೆನ್ಶಿಯಲ್ ಅವರ ಹೆಸರುಗಳ ಮೊದಲಕ್ಷರದಿಂದ ಬಿಕೆಎಸ್ ಎಂದೇ ಪ್ರಸಿದ್ಧ. ಕ್ವಾಂಟಮ್ ಲೆಕ್ಕ ಮತ್ತು ಕ್ವಾರ್ಟ್ಜ್ ಹರಳಿನ ಅಳತೆಗಳು ಎರಡಕ್ಕೂ ಹೊಂದಿಸಿ ಮಾಡಿದ್ದು. ಗಾಜಿನ ಮೇಲೆ ಕೆಲಸ ಮಾಡುವವರು ಮೂರು ದಶಕಗಳಿಂದ ಅದನ್ನು ನೆಚ್ಚಿಕೊಂಡಿದ್ದಾರೆ. ಅದರಲ್ಲಿ ಸಿಲಿಕಾನ್ ಮೇಲೆ 2.4, ಆಕ್ಸಿಜನ್ ಮೇಲೆ ಋಣ 1.2 ವಿದ್ಯುದಂಶ. ಅದರ ಜೊತೆಗೆ ಹತ್ತಿರದಲ್ಲಿ ತಳ್ಳುವ ಒಂದು ಘಾತೀಯ ಪದ, ದೂರದ ಆರನೇ ಘಾತದಿಂದ ಭಾಗಿಸಿದ ಒಂದು ಎಳೆಯುವ ಪದ. ಬಕಿಂಗ್‌ಹ್ಯಾಮ್ ಬಗೆ ಎಂದರೆ ಈ ಎರಡು ಪದಗಳ ಜೋಡಿ. ತೊಡಕು ಅದರಲ್ಲೇ ಇದೆ. ದೂರ ಸೊನ್ನೆಯತ್ತ ಹೋದಂತೆ ತಳ್ಳುವ ಪದ ಒಂದು ಮಿತಿಯಲ್ಲಿ ನಿಂತುಬಿಡುತ್ತದೆ. ಎಳೆಯುವ ಪದಕ್ಕೆ ಮಿತಿಯೇ ಇಲ್ಲ. ಹಾಗಾಗಿ ಒಂದು ದೂರಕ್ಕಿಂತ ಒಳಗೆ ಹೋದರೆ ದಿಬ್ಬ ಮುಗಿದು ತಳವಿಲ್ಲದ ಬಾವಿ ಶುರುವಾಗುತ್ತದೆ.

ಬಿಕೆಎಸ್‌ನ ಸಿಲಿಕಾನ್-ಆಕ್ಸಿಜನ್ ಜೋಡಿಗೆ ಆ ದಿಬ್ಬದ ನೆತ್ತಿ 1.19 ಆಂಗ್‌ಸ್ಟ್ರಾಮಿನಲ್ಲಿದೆ. ಕ್ವಾರ್ಟ್ಜ್‌ನಲ್ಲಿ ಇವೆರಡರ ನಡುವಿನ ದೂರ 1.61 ಆಂಗ್‌ಸ್ಟ್ರಾಮ್. ಕೋಣೆಯ ಬಿಸಿಯಲ್ಲಿ ಪರಮಾಣುಗಳು ನೆತ್ತಿಯ ಹತ್ತಿರಕ್ಕೂ ಸುಳಿಯುವುದಿಲ್ಲ, ಎಲ್ಲವೂ ಸುಸೂತ್ರ. ಆದರೆ ಗಾಜು ಮಾಡಬೇಕೆಂದರೆ ಸಿಮ್ಯುಲೇಶನ್‌ನಲ್ಲಿ ಹಲವು ಸಾವಿರ ಕೆಲ್ವಿನ್‌ಗೆ ಕಾಸಿ ಕರಗಿಸಿ ಆಮೇಲೆ ತಣಿಸಬೇಕು. ಆ ಬಿಸಿಯಲ್ಲಿ ಎಲ್ಲೋ ಒಂದು ಜೋಡಿ ನೆತ್ತಿ ದಾಟುತ್ತದೆ, ಬಾವಿಗೆ ಬೀಳುತ್ತದೆ, ಎರಡೂ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಶಕ್ತಿ ಎತ್ತೆತ್ತಲೋ ಸಿಡಿದು ಪರಮಾಣುಗಳು ಪೆಟ್ಟಿಗೆಯಾಚೆ ಹಾರಿಹೋಗುತ್ತವೆ, ಪರದೆಯ ಮೇಲೆ "ಲಾಸ್ಟ್ ಆಟಮ್ಸ್" ಎಂಬ ಸಾಲು ಬರುತ್ತದೆ. ಬಂದರೆ ಪುಣ್ಯ ಎನ್ನಬೇಕು, ತಪ್ಪಾಗಿದೆ ಎಂದಾದರೂ ಗೊತ್ತಾಯಿತು. ಇದಕ್ಕೆ ಪರಿಹಾರ ಈ ಕ್ಷೇತ್ರದವರಿಗೆಲ್ಲ ಗೊತ್ತು: ನೆತ್ತಿಗಿಂತ ಒಳಗಿನ ಭಾಗವನ್ನು ಕಡಿದು ಅಲ್ಲಿ ಬಲವಾಗಿ ತಳ್ಳುವ ಒಂದು ತೇಪೆ ಹಾಕುವುದು. ಆದರೆ ತೇಪೆಯ ಮಾತು ಎಷ್ಟೋ ಪ್ರಬಂಧಗಳಲ್ಲಿ ಒಂದು ವಾಕ್ಯದಲ್ಲಿ ಮುಗಿದಿರುತ್ತದೆ, ಕೆಲವದರಲ್ಲಿ ಅದೂ ಇರುವುದಿಲ್ಲ. ಹೊಸಬರು ಮೂಲ ಸೂತ್ರವನ್ನಷ್ಟೇ ಕೋಷ್ಟಕಕ್ಕೆ ಇಳಿಸುತ್ತಾರೆ. ಇಂಥ ಗಾಜಿನಲ್ಲಿ ಇನ್ನೊಂದು ಅಪಾಯವೂ ಇದೆ. ವಿದ್ಯುದಂಶಗಳ ಸೆಳೆತವನ್ನು ತಂತ್ರಾಂಶ ಬೇರೆ ವಿಧಾನದಿಂದ, ಬಹುದೂರದವರೆಗೆ ಲೆಕ್ಕಹಾಕುತ್ತದೆ. ಅದನ್ನು ಮರೆತು ಕೋಷ್ಟಕಕ್ಕೂ ಸೇರಿಸಿಬಿಟ್ಟರೆ ಅದೇ ಸೆಳೆತ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಹತ್ತಿರದ ತುದಿಯಂತೆ ದೂರದ ತುದಿಯೂ ಎಚ್ಚರ ಬೇಡುತ್ತದೆ. ಎಲ್ಲ ಜೋಡಿಗಳನ್ನೂ ಲೆಕ್ಕಹಾಕುವುದು ದುಬಾರಿಯೆಂದು ಒಂದು ದೂರದಾಚೆ ಬಲವೇ ಇಲ್ಲ ಎಂದುಕೊಳ್ಳುತ್ತೇವೆ. ಅದೇ ಕಟಾಫ್. ಲೆನ್ನಾರ್ಡ್-ಜೋನ್ಸ್ ಸೂತ್ರಕ್ಕೆ ರೂಢಿಯಲ್ಲಿ ಪರಮಾಣುವಿನ ಗಾತ್ರದ ಎರಡೂವರೆ ಪಟ್ಟು. ಅಲ್ಲಿ ಉಳಿದಿರುವ ಶಕ್ತಿ ತಗ್ಗಿನ ಆಳದ ನೂರಕ್ಕೆ ಒಂದೂವರೆ ಚಿಲ್ಲರೆ ಪಾಲು ಮಾತ್ರ, ಬಿಟ್ಟರೇನು ನಷ್ಟ ಎನಿಸುತ್ತದೆ. ನಷ್ಟವಿದೆ. ದ್ರವ ಮತ್ತು ಅನಿಲದ ನಡುವಣ ಭೇದವೇ ಅಳಿದುಹೋಗುವ ತಾಪಕ್ಕೆ ಕ್ರಾಂತಿಕ ತಾಪ ಎನ್ನುತ್ತೇವೆ. ಕಡಿಯದ ಸೂತ್ರದಿಂದ ರಹಮಾನರ ಆರ್ಗಾನ್‌ಗೆ ಅದು ಸುಮಾರು 157 ಕೆಲ್ವಿನ್ ಬರುತ್ತದೆ. ಎರಡೂವರೆ ಪಟ್ಟಿನಲ್ಲಿ ಕಡಿದು, ತುದಿ ಸೊನ್ನೆಗೆ ಕೂರುವಂತೆ ಗೆರೆಯನ್ನು ಮೇಲೆತ್ತಿದರೆ ಸುಮಾರು 130ಕ್ಕೆ ಇಳಿಯುತ್ತದೆ. ಸೂತ್ರ ಅದೇ, ಎರಡು ಅಂಕಿಗಳೂ ಅವೇ. ಬದಲಾದದ್ದು ಕತ್ತರಿ ಹಾಕಿದ ಜಾಗ ಮಾತ್ರ. ಒಂದೊಂದು ಜೋಡಿಯಲ್ಲಿ ಬಿಟ್ಟದ್ದು ಚೂರೇ ಆದರೂ ಆ ದೂರದಲ್ಲಿ ನೆರೆಹೊರೆಯ ಪರಮಾಣುಗಳು ನೂರಾರು ಇರುತ್ತವೆ. ಆದ್ದರಿಂದ ಕಟಾಫ್ ಎಂಬುದು ವೇಗಕ್ಕಾಗಿ ಮಾಡಿಕೊಂಡ ಹೊಂದಾಣಿಕೆ ಮಾತ್ರ ಎಂದು ತಿಳಿಯಬೇಡಿ. ಅದು ಪೊಟೆನ್ಶಿಯಲ್‌ನ ಒಂದು ಅಂಗ. ಪ್ರಬಂಧದಿಂದ ಸೂತ್ರ ತೆಗೆದುಕೊಂಡರೆ ಅದರ ಕಟಾಫನ್ನೂ ತೆಗೆದುಕೊಳ್ಳಬೇಕು.

ಎರಡು ಪರಮಾಣುಗಳ ಪರೀಕ್ಷೆ ಎಲ್ಲವನ್ನೂ ಹೇಳುತ್ತದೆಂದು ನಾನು ಹೇಳಲಾರೆ. ಚಿನ್ನವನ್ನೇ ನೋಡಿ. ಜೋಡಿಗಳ ನಡುವಿನ ಶಕ್ತಿಯನ್ನಷ್ಟೇ ಕೂಡಿ ಚಿನ್ನದ ಹರಳು ಕಟ್ಟಿದರೆ ಅದರ ಎರಡು ಸ್ಥಿತಿಸ್ಥಾಪಕ ಅಂಕಿಗಳು ಒಂದಕ್ಕೊಂದು ಸಮ ಬರಲೇಬೇಕೆಂದು ಗಣಿತ ಹೇಳುತ್ತದೆ. ನಿಜವಾದ ಚಿನ್ನದಲ್ಲಿ ಒಂದು ಸುಮಾರು 163 ಗಿಗಾಪ್ಯಾಸ್ಕಲ್, ಇನ್ನೊಂದು ಸುಮಾರು 42. ಎಷ್ಟೇ ಮುತುವರ್ಜಿಯಿಂದ ಕೋಷ್ಟಕ ಮಾಡಿದರೂ ಈ ಅಂತರ ತುಂಬುವುದಿಲ್ಲ. ಲೋಹದಲ್ಲಿ ಪರಮಾಣುವಿನ ಸುತ್ತ ನೆರೆಯವರು ಹೆಚ್ಚಿದಷ್ಟೂ ಒಂದೊಂದು ಬಂಧದ ಗಟ್ಟಿತನ ಕಡಿಮೆಯಾಗುತ್ತದೆ, ಪಂಕ್ತಿಯಲ್ಲಿ ನೆಂಟರು ಹೆಚ್ಚಿದರೆ ತಲಾ ಹೋಳಿಗೆ ಕಡಿಮೆಯಾಗುವಂತೆ. 1984ರಲ್ಲಿ ಸ್ಯಾಂಡಿಯಾದ ಡಾ ಮತ್ತು ಬಾಸ್ಕೆಸ್ ಈ ಮಾತನ್ನು ಸೂತ್ರದೊಳಗೇ ತಂದರು. ಅದಕ್ಕೆ ಎಂಬೆಡೆಡ್ ಆಟಮ್ ವಿಧಾನ ಎಂದು ಹೆಸರು. ಅದರ ಮಾರನೇ ವರ್ಷ ಸ್ಟಿಲಿಂಜರ್ ಮತ್ತು ವೆಬರ್ ಸಿಲಿಕಾನ್‌ಗಾಗಿ ಮೂರು ಪರಮಾಣುಗಳ ನಡುವಿನ ಕೋನವನ್ನೂ ಲೆಕ್ಕಕ್ಕೆ ತಂದರು. ನಿಮ್ಮದು ಲೋಹವೋ ಸಿಲಿಕಾನಿನಂಥ ವಸ್ತುವೋ ಆಗಿದ್ದರೆ ಜೋಡಿ ಕೋಷ್ಟಕದ ಹಿಂದೆ ಹೋಗಬೇಡಿ. ಅಲ್ಲಿ ಎರಡರ ಜೊತೆಗೆ ಮೂರು ಪರಮಾಣು, ಒಂದು ಪುಟ್ಟ ಹರಳು ಇವನ್ನೂ ಪರೀಕ್ಷಿಸಬೇಕು.

"ಈಗ ಇದನ್ನೆಲ್ಲ ಎಐ ಮಾಡುತ್ತದಲ್ಲ?" ಎಂದು ಕೇಳುವವರೂ ಇದ್ದಾರೆ. 2007ರಲ್ಲಿ ಬೇಲರ್ ಮತ್ತು ಪ್ಯಾರಿನೆಲ್ಲೋ ನ್ಯೂರಲ್ ನೆಟ್‌ವರ್ಕ್ ಬಳಸಿ ಪೊಟೆನ್ಶಿಯಲ್ ಕಲಿಸುವ ದಾರಿ ತೋರಿಸಿದ ಮೇಲೆ ಈ ಕ್ಷೇತ್ರ ಬಹಳ ಬೆಳೆದಿದೆ, ನನಗೆ ಅದರ ಮೇಲೆ ಗೌರವವೂ ಇದೆ. ಕ್ವಾಂಟಮ್ ಲೆಕ್ಕದ ಸಾವಿರಾರು ಮಾದರಿಗಳನ್ನು ತೋರಿಸಿದರೆ ಅದು ನಮ್ಮ ಕೈಯಲ್ಲಾಗದ ನಯವಾದ ಗೆರೆ ಎಳೆಯುತ್ತದೆ. ಆದರೆ ತೋರಿಸದೇ ಇದ್ದ ದೂರದಲ್ಲಿ ಅದು ಏನು ಬೇಕಾದರೂ ಹೇಳಬಹುದು. ಪರಮಾಣುಗಳು ತೀರಾ ಹತ್ತಿರ ಬಂದ ಮಾದರಿಗಳು ತರಬೇತಿಯಲ್ಲಿ ಇಲ್ಲದಿದ್ದರೆ ಬಿಕೆಎಸ್‌ನ ಬಾವಿಯೇ ಇಲ್ಲೂ ಕಾದಿರುತ್ತದೆ. ಅನುಭವಸ್ಥರು ಇಲ್ಲೂ ಹತ್ತಿರದ ತುದಿಗೆ ಬೇರೆ ಸೂತ್ರದ ತೇಪೆ ಹಾಕುವುದುಂಟು.

ಎರಡು ಪರಮಾಣುಗಳ ಗೆರೆ ಸರಿ ಬಂದ ಮೇಲೆ ಕೆಲವು ನೂರು ಪರಮಾಣುಗಳನ್ನು ಇಟ್ಟು, ಹೊರಗಿನಿಂದ ಬಿಸಿಯನ್ನೂ ಒತ್ತಡವನ್ನೂ ಹಾಕದೆ ಓಡಲು ಬಿಡಿ. ಒಟ್ಟು ಶಕ್ತಿ ಒಂದೇ ಮಟ್ಟದಲ್ಲಿ ನಿಲ್ಲಬೇಕು. ನಿಧಾನವಾಗಿ ಮೇಲೇರುತ್ತಿದ್ದರೆ ಕೋಷ್ಟಕದ ಸಾಲುಗಳು ಸಾಲದು, ಇಲ್ಲವೇ ಕಟಾಫ್ ಬಳಿ ಗೆರೆ ಮುರಿದಿದೆ, ಇಲ್ಲವೇ ಹೆಜ್ಜೆ ದೊಡ್ಡದಾಗಿದೆ. ಇದಾದ ಮೇಲೆ ದೊಡ್ಡ ಯಂತ್ರಕ್ಕೆ ಹೋಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಕೆಲಸ ಮಾಡುತ್ತಿರುವ ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್. ಇಂಥ ಯಂತ್ರಗಳ ಒಂದೊಂದು ಗಂಟೆಯೂ ಜನರ ತೆರಿಗೆಯ ಹಣ, ಸರದಿಯಲ್ಲಿ ಕಾದಿರುವ ಇನ್ನೊಬ್ಬ ವಿದ್ಯಾರ್ಥಿಯ ಸಮಯ. ಲ್ಯಾಪ್‌ಟಾಪಿನಲ್ಲಿ ಒಂದು ನಿಮಿಷದಲ್ಲಿ ಸಿಗುತ್ತಿದ್ದ ತಪ್ಪನ್ನು ಅಲ್ಲಿ ಒಂದು ವಾರ ಓಡಿಸಿ ಕಂಡುಕೊಳ್ಳಬಾರದು.

ಪ್ರಬಂಧ ಬರೆಯುವ ಹೊತ್ತಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ಸೂತ್ರದ ಜೊತೆಗೆ ಮಾನ, ಕಟಾಫ್, ಹತ್ತಿರದ ತೇಪೆ ಎಲ್ಲವನ್ನೂ ಬರೆಯಿರಿ, ಕೋಷ್ಟಕದ ಕಡತವನ್ನೇ ಲಗತ್ತಿಸಿ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಮತ್ತು ಓಪನ್ ಕಿಮ್ ಯೋಜನೆ ಇಂಥ ಕಡತಗಳನ್ನು ಸಂಗ್ರಹಿಸಿ ಎಲ್ಲರಿಗೂ ಸಿಗುವಂತೆ ಇಟ್ಟಿವೆ. ಹೊಸ ಕೋಷ್ಟಕ ಮಾಡುವ ಮೊದಲು ನಿಮ್ಮ ವಸ್ತುವಿನದು ಅಲ್ಲಿ ಇದೆಯೇ ಎಂದೂ ಹುಡುಕಿ.

ಪತ್ರ ಬರೆದ ಹುಡುಗಿಗೆ ನನ್ನ ಮಾತು ಇಷ್ಟೇ: ಆ ಸೂತ್ರದಲ್ಲಿ ದಿಬ್ಬದ ನೆತ್ತಿ ಎಷ್ಟು ದೂರದಲ್ಲಿದೆ ಎಂದು ಮೊದಲು ಕಂಡುಹಿಡಿಯಮ್ಮ. ಆಮೇಲೆ ಕೋಷ್ಟಕ ಮಾಡಿ, ಎರಡು ಪರಮಾಣುಗಳ ಗೆರೆ ಎಳೆದು ನನಗೆ ಕಳುಹಿಸು. ಗಾಜನ್ನು ಎಷ್ಟು ಕಾಸಬೇಕು, ಎಷ್ಟು ನಿಧಾನವಾಗಿ ತಣಿಸಬೇಕು ಎಂಬುದನ್ನು ಆ ಗೆರೆ ನೋಡಿಕೊಂಡು ಮಾತಾಡೋಣ.